ಅಂಗಸಾಧನೆ: ಒಂದು ಜೀವಮಾನದ ವಿದ್ಯೆ

ನಮ್ಮ ಸೀಮೆಯಲ್ಲಿ ಬಲವನ್ನು ಯಾರೂ ಒಂದು ವಿದ್ಯೆಯೆಂದು ಎಣಿಸುವುದಿಲ್ಲ. ಅದು ಹುಟ್ಟಿನಿಂದ ಬರತಕ್ಕದ್ದು, ಇಲ್ಲವೇ ಗೇಯ್ಮೆಯಿಂದ ಬರತಕ್ಕದ್ದು, ವಯಸ್ಸಿನೊಂದಿಗೆ ಹೋಗತಕ್ಕದ್ದು ಎಂದು ತಿಳಿದಿದ್ದೇವೆ. ಸಂಗೀತವನ್ನು ಕಲಿಯಬೇಕು, ಲೆಕ್ಕವನ್ನು ಕಲಿಯಬೇಕು, ಈಜನ್ನು ಕೂಡ ಕಲಿಯಬೇಕು. ಬಲಕ್ಕೆ ಮಾತ್ರ ಗುರುವೂ ಬೇಡ, ಪಾಠಕ್ರಮವೂ ಬೇಡವೆಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆ ಸರಿಯಲ್ಲವೆಂದೂ, ಅಂಗಸಾಧನೆಯೂ ಉಳಿದ ವಿದ್ಯೆಗಳಂತೆ ಕ್ರಮವಾಗಿ ಕಲಿತು ಕಡೆಯವರೆಗೆ ಉಳಿಸಿಕೊಳ್ಳಬೇಕಾದದ್ದೆಂದೂ ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇನೆ. ವ್ಯಾಯಾಮವನ್ನು ಕುರಿತ ಲೇಖನಗಳು ಸಾಮಾನ್ಯವಾಗಿ ಕಾಳಿದಾಸನ ಒಂದು ಮಾತಿನಿಂದ ಪ್ರಾರಂಭವಾಗುತ್ತವೆ. ಅದು ವಾಚಕರೆಲ್ಲರಿಗೂ ಕಂಠಪಾಠವಾಗಿರುವುದರಿಂದ ಇಲ್ಲಿ ಬಿಟ್ಟಿದ್ದೇನೆ.

ನಾನು ಮುಳಬಾಗಿಲು ತಾಲ್ಲೂಕಿನ ಬೈರಕೂರಿನವನು. ಆಂಧ್ರದ ಗಡಿಗೆ ಹತ್ತಿರದ ಹೋಬಳಿ. ಅರ್ಧ ಮಾತು ಕನ್ನಡ, ಅರ್ಧ ಮಾತು ತೆಲುಗು. ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಬಾವಿಗಳನ್ನು ನಂಬಿ ರಾಗಿ ಬೆಳೆದವರ ನೆಲ. ಇಂಥ ಊರಿನಲ್ಲಿ ಕಸರತ್ತಿನ ಮಾತೆತ್ತಿದರೆ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಹೊಲದಾಗೆ ಗೇಯೋನಿಗೆ ಕಸರತ್ತು ಯಾಕಪ್ಪಾ?" ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಕಪಿಲೆ ಹೊಡೆದು, ಏತ ತುಳಿದು, ಗುದ್ದಲಿ ಹಿಡಿದು ಬದುಕಿದವರು ಅವರು. ಅವರ ಹೆಂಗಸರು ಬೆಳಗಿನ ಜಾವಕ್ಕೆ ಎದ್ದು ರಾಗಿ ಬೀಸುತ್ತಿದ್ದರು, ಒನಕೆ ಹಿಡಿದು ಕುಟ್ಟುತ್ತಿದ್ದರು, ಸೊಂಟದ ಮೇಲೊಂದು ತಲೆಯ ಮೇಲೊಂದು ಬಿಂದಿಗೆ ಹೊತ್ತು ಬಾವಿಯಿಂದ ಮನೆಗೆ ನಡೆಯುತ್ತಿದ್ದರು. ಅವರ ತೋಳಿನ ಬಲವನ್ನು ನಮ್ಮ ತಲೆಮಾರಿನವರು ನಾಚಿಕೊಂಡು ನೋಡಬೇಕು.

ಆದರೆ ಅದೇ ಹಿರಿಯರನ್ನು ಅರವತ್ತರ ವಯಸ್ಸಿನಲ್ಲಿ ನೋಡಿ. ಬೆನ್ನು ಬಾಗಿರುತ್ತದೆ, ಮಂಡಿ ಹಿಡಿದಿರುತ್ತದೆ, ನೆಲದಿಂದ ಏಳಲು ಕಂಬ ಬೇಕು. ಜೀವಮಾನವೆಲ್ಲ ಭಾರ ಹೊತ್ತವರಿಗೆ ಭಾರವೇ ಬಲ ಕೊಡುವುದಾದರೆ ಹೀಗೇಕಾಗಬೇಕು? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅಂಗಸಾಧನೆಯ ಅರ್ಧ ಶಾಸ್ತ್ರ ಸಿಕ್ಕಿದಂತೆಯೇ ಸರಿ. ದುಡಿಮೆಯಲ್ಲಿ ಭಾರವನ್ನು ನಿರ್ಣಯಿಸುವುದು ದೇಹವಲ್ಲ, ಮೂಟೆ. ಕೋಲಾರದ ಮಾರುಕಟ್ಟೆಗೆ ಹೋಗುವ ಟೊಮ್ಯಾಟೊ ಬಾಕ್ಸು ಸುಮಾರು 15 ಕಿಲೋ ತೂಗುತ್ತದೆ. ಹೊತ್ತವನು ಹದಿನೆಂಟರ ಹುಡುಗನಾಗಲಿ ಐವತ್ತೈದರ ಹಮಾಲಿಯಾಗಲಿ, ಜ್ವರ ಬಿಟ್ಟ ಮಾರನೆಯ ದಿನವಾಗಲಿ, ಅದು 15 ಕಿಲೋವೇ. ಫಸಲಿನ ಕಾಲದಲ್ಲಿ ಒಂದೇ ರಾತ್ರಿ ನೂರಾರು ಬಾಕ್ಸುಗಳು. ಬೆಳೆ ಮುಗಿದರೆ ತಿಂಗಳುಗಟ್ಟಲೆ ಒಂದೂ ಇಲ್ಲ. ದೇಹವು ಬಲಗೊಳ್ಳುವುದು ಭಾರ ಹೊತ್ತಾಗ ಅಲ್ಲ, ಹೊತ್ತ ನಂತರ ಉಂಡು ಮಲಗಿದಾಗ. ಬಿಡುವಿಲ್ಲದ ಭಾರ ಸವೆಸುತ್ತದೆ. ಎಂದೂ ಹೆಚ್ಚದ ಭಾರ ಇದ್ದ ಬಲವನ್ನು ಕಾಯಬಹುದೇ ಹೊರತು ಬೆಳೆಸುವುದಿಲ್ಲ. ಒಂದೇ ಭುಜದ ಮೇಲೆ, ಒಂದೇ ಕಡೆ ಬಾಗಿ ಹೊತ್ತ ಭಾರ ಮೈಯನ್ನು ಆ ಕಡೆಗೇ ತಿರುಗಿಸಿಬಿಡುತ್ತದೆ. ಅಂಗಸಾಧನೆಯೆಂದರೆ ಭಾರದ ಅಳತೆಯನ್ನು ಮೂಟೆಯ ಕೈಯಿಂದ ಮನುಷ್ಯನ ಕೈಗೆ ತೆಗೆದುಕೊಳ್ಳುವುದು. ಇನ್ನೊಂದು ಮಾತು: ಈಗ ನಮ್ಮೂರಿನಲ್ಲಿ ಆ ದುಡಿಮೆಯೂ ಬಹುಮಟ್ಟಿಗೆ ಉಳಿದಿಲ್ಲ. ಕೊಳವೆಬಾವಿಗೆ ಮೋಟಾರು, ಉಳುಮೆಗೆ ಟ್ರ್ಯಾಕ್ಟರು, ರಾಗಿಗೆ ಮಿಲ್ಲು, ಅಂಗಡಿಗೆ ಹೋಗಲು ಬೈಕು. ಅಜ್ಜನಿಗೆ ಹೊರೆ ಮಿತಿಮೀರಿತ್ತು. ಮೊಮ್ಮಗನಿಗೆ ಹೊರೆಯೇ ಇಲ್ಲ.

ಹಾಗಾದರೆ ಗರಡಿಮನೆ ಇತ್ತಲ್ಲ, ಎನ್ನಬಹುದು. ಇತ್ತು; ಹಳೆಯ ಮೈಸೂರಿನ ಊರು ಊರಿನಲ್ಲಿಯೂ ಇತ್ತು. ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ಸುತ್ತಿನಲ್ಲಿ ದಂಡೆ ಬಸ್ಕಿ ಹೊಡೆಯುವ ಹುಡುಗರು, ನಡುವೆ ಉಸ್ತಾದರು. ಗರಡಿಯ ಕ್ರಮ ಅಶಾಸ್ತ್ರೀಯವೆಂದು ನಗುವವರು ಅದನ್ನು ಅರಿಯದವರು. ಎಳೆಯ ಹುಡುಗನಿಗೆ ಹಗುರ ಗದೆ, ಪಳಗಿದವನಿಗೆ ಭಾರದ ಗದೆ; ಇಂದಿಗೆ ಇಪ್ಪತ್ತು ಬಸ್ಕಿ, ತಿಂಗಳ ಮೇಲೆ ಐವತ್ತು. ಕ್ರಮವಾಗಿ ಭಾರ ಹೆಚ್ಚಿಸುವ ತತ್ತ್ವ ಅಲ್ಲಿಯೂ ಇದ್ದದ್ದೇ. ಆದರೆ ಗರಡಿಯ ಗುರಿ ಕುಸ್ತಿ. ದಸರೆಯ ನಾಡಕುಸ್ತಿಗೋ ಜಾತ್ರೆಯ ಕುಸ್ತಿಗೋ ಹುಡುಗನನ್ನು ಅಣಿಮಾಡುವುದು ಅದರ ಕೆಲಸ. ಪಂದ್ಯ ನಿಂತ ಮೇಲೆ ಸಾಧನೆಗೆ ಕಾರಣವೇ ಇರಲಿಲ್ಲ. ಮದುವೆಯಾಯಿತು, ಮಕ್ಕಳಾದವು, ಗರಡಿ ಬಿಟ್ಟಿತು. ಪೈಲ್ವಾನನ ಊಟ ಮಾತ್ರ ಬಿಡಲಿಲ್ಲ! ಮುಪ್ಪಿನಲ್ಲಿ ಹೊಟ್ಟೆ ಬಂದ ಹಳೆಯ ಪೈಲ್ವಾನರನ್ನು ಕಂಡು ಜನ ಕಸರತ್ತನ್ನೇ ಬೈಯುತ್ತಾರೆ. ಬೈಯಬೇಕಾದದ್ದು ಅದನ್ನು ಬಿಟ್ಟದ್ದಕ್ಕೆ. ಹೆಂಗಸರಿಗಂತೂ ಗರಡಿಯ ಬಾಗಿಲು ತೆರೆದಿರಲಿಲ್ಲ.

ಈ ಸಾಧನೆಯನ್ನು ಕುಸ್ತಿಯಿಂದ ಬಿಡಿಸಿ, ಗುಮಾಸ್ತನಿಗೂ ವಕೀಲನಿಗೂ ಗೃಹಿಣಿಗೂ ಕೊಡಬಹುದೆಂದು ಕನ್ನಡನಾಡಿನಲ್ಲಿ ಕಾಣಿಸಿಕೊಟ್ಟವರು ನಮ್ಮ ತಾಲ್ಲೂಕಿನವರೇ ಎಂಬುದು ನಮ್ಮ ಕಾಲೇಜಿನ ಎಷ್ಟು ಮಂದಿಗೆ ಗೊತ್ತು? ಕೋಲಾರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ ದೇವರಾಯಸಮುದ್ರವೆಂಬ ಊರಿದೆ. ಕೆ. ವಿ. ಅಯ್ಯರ್, ಎಂದರೆ ಕೋಲಾರದ ವೆಂಕಟೇಶ ಅಯ್ಯರ್, 1897ರಲ್ಲಿ ಹುಟ್ಟಿದ್ದು ಅಲ್ಲಿ. (ಅದಕ್ಕೆ ಹತ್ತು ವರ್ಷ ಮೊದಲು ಇದೇ ತಾಲ್ಲೂಕಿನ ಮುಳಬಾಗಿಲಿನಲ್ಲಿ ಡಿ. ವಿ. ಗುಂಡಪ್ಪನವರು ಹುಟ್ಟಿದರು. ಡಿ.ವಿ.ಜಿ.ಯವರನ್ನು ನಾವು ನೆನೆಯುತ್ತೇವೆ, ಅಯ್ಯರನ್ನು ನೆನೆಯುವುದಿಲ್ಲ.) ಬೆಂಗಳೂರಿನಲ್ಲಿ ಅವರು ನಡೆಸಿದ ಹರ್ಕ್ಯುಲಸ್ ವ್ಯಾಯಾಮಶಾಲೆ ಒಂದು ಕಾಲಕ್ಕೆ ನಾಡಿನಲ್ಲೆಲ್ಲ ಹೆಸರಾಗಿತ್ತು. ಪ್ರಷ್ಯದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಹೆಸರು ಪಡೆದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟಿದ್ದ ಯೂಜಿನ್ ಸ್ಯಾಂಡೋವಿನ ಮಾರ್ಗವನ್ನು ಅಯ್ಯರ್ ಮೆಚ್ಚಿದ್ದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಕಬ್ಬಿಣದ ಬಾರ್ಬೆಲ್ಲಿನ ಜೊತೆಗೆ ಹಠಯೋಗದ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಸೇರಿಸಿ ತಮ್ಮದೇ ಒಂದು ಪದ್ಧತಿಯನ್ನು ಕಟ್ಟಿದರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕವನ್ನೂ, ಆಮೇಲೆ ಸೂರ್ಯನಮಸ್ಕಾರದ ಮೇಲೊಂದು ಪುಸ್ತಕವನ್ನೂ ಬರೆದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹ ಅವರಿಗೆ ದೊರೆಯಿತು. ಬೆಂಗಳೂರಿಗೆ ಬರಲಾರದವರಿಗೆ ಅಂಚೆಯ ಮೂಲಕ ಪಾಠ ಕಳಿಸುವ ಏರ್ಪಾಡನ್ನೂ ಮಾಡಿದ್ದರು. ಇದನ್ನು ನಾನು ದೊಡ್ಡ ಸಂಗತಿಯೆಂದು ಎಣಿಸುತ್ತೇನೆ. ಉಸ್ತಾದರ ಕಣ್ಣೆದುರಿಗಿಲ್ಲದೆ, ಪಂದ್ಯದ ಆಸೆಯಿಲ್ಲದೆ, ಯಾವನೋ ಒಬ್ಬ ತನ್ನ ಕೋಣೆಯಲ್ಲಿ ತಾನೇ ಸಾಧನೆ ಮಾಡಬಹುದೆಂಬ ನಂಬಿಕೆ ಆ ಅಂಚೆಯ ಲಕೋಟೆಯಲ್ಲಿತ್ತು.

ಅಯ್ಯರ್ ತಮ್ಮ ಮೈಕಟ್ಟನ್ನು ತಾವೇ ಹೊಗಳಿಕೊಂಡು ಬರೆದದ್ದುಂಟು. ಆ ಭಾಗ ನನಗೆ ರುಚಿಸುವುದಿಲ್ಲ. ಆದರೆ ಆ ಮನುಷ್ಯ ಕನ್ನಡಿಯ ಮುಂದೆಯೇ ನಿಂತುಬಿಡಲಿಲ್ಲ. 'ಶಾಂತಲಾ' ಕಾದಂಬರಿಯನ್ನು ಓದಿದವರಿಗೆ ಅದನ್ನು ಬರೆದ ಕೈ ಬಾರ್ಬೆಲ್ ಹಿಡಿದ ಕೈಯೆಂದು ಹೇಳಿದರೆ ನಂಬುವುದು ಕಷ್ಟ. ಇಟಲಿಯ ಚಿತ್ರಕಲೆಯ ಹಿನ್ನೆಲೆಯ 'ರೂಪದರ್ಶಿ'ಯೂ ಅವರದೇ. ಟಿ. ಪಿ. ಕೈಲಾಸಂ ಅವರ ಆಪ್ತ ಸ್ನೇಹಿತರು. ಕೈಲಾಸಂ ತೀರಿಕೊಂಡ ಮೇಲೆ ಅಯ್ಯರ್ ಅವರ ಸ್ಮರಣೆಯನ್ನು ಬರೆದರು. 'ರವಿ ಕಲಾವಿದರು' ಎಂಬ ನಾಟಕದ ತಂಡವನ್ನು ಕಟ್ಟಿದರು. 1980ರಲ್ಲಿ, ಎಂಬತ್ತು ದಾಟಿದ ಮೇಲೆ, ತೀರಿಕೊಂಡರು. ವ್ಯಾಯಾಮದಿಂದಲೇ ಕಾದಂಬರಿ ಹುಟ್ಟಿತೆಂದು ನಾನು ಹೇಳುವುದಿಲ್ಲ. ತೋಳು ಬೆಳೆದರೆ ಬುದ್ಧಿ ಕುಗ್ಗುತ್ತದೆಂಬ ಮಾತಿಗೆ ಇಷ್ಟು ಉತ್ತರ ಸಾಕು.

ಇನ್ನು ದೇಹದೊಳಗೆ ನಡೆಯುವುದೇನೆಂಬುದನ್ನು ನೋಡೋಣ. ಹೊಸಬನು ಅಂಗಸಾಧನೆಗೆ ತೊಡಗಿದ ಮೊದಲ ಕೆಲವು ವಾರಗಳಲ್ಲಿ ಅವನ ಬಲ ಬೇಗ ಬೇಗ ಹೆಚ್ಚುತ್ತದೆ; ಆದರೆ ಟೇಪು ಹಿಡಿದು ಅಳೆದರೆ ತೋಳು ಹೆಚ್ಚು ದಪ್ಪವಾಗಿರುವುದಿಲ್ಲ. ಹೆಚ್ಚಿದ್ದು ಮಾಂಸಖಂಡವಲ್ಲ, ನರಗಳ ಪಾಟವ. ಸ್ನಾಯುವಿನ ಎಳೆಗಳು ಅನೇಕವಿದ್ದರೂ ಪಳಗದ ನರ ಅವನ್ನೆಲ್ಲ ಒಟ್ಟಿಗೆ ಕರೆಯಲಾರದು. ಅಭ್ಯಾಸದಿಂದ ಕರೆಯಲು ಕಲಿಯುತ್ತದೆ. ಬಲವು ವಿದ್ಯೆಯೆಂದು ಮೊದಲು ಹೇಳಿದ್ದು ಬರಿಯ ಅಲಂಕಾರವಲ್ಲವೆಂಬುದಕ್ಕೆ ಇದೇ ಸಾಕ್ಷಿ: ಮೊದಲು ಕಲಿಯುವುದು ನರಮಂಡಲ, ಆಮೇಲೆ ಬೆಳೆಯುವುದು ಮಾಂಸ. ಎಳೆಗಳು ದಪ್ಪವಾಗಲು ತಿಂಗಳುಗಳು ಬೇಕು. ಮಾಂಸವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಇನ್ನೂ ನಿಧಾನ. ತರುಣರು ನೋವು ಮಾಡಿಕೊಳ್ಳುವುದು ಬಹಳವಾಗಿ ಇಲ್ಲಿಯೇ. ಮಾಂಸ ಸಿದ್ಧವಾಗಿರುತ್ತದೆ, ರಜ್ಜು ಸಿದ್ಧವಾಗಿರುವುದಿಲ್ಲ.

ಭಾರವನ್ನು ಅಳೆದು ಹೆಚ್ಚಿಸುವ ಕ್ರಮ ವೈದ್ಯರ ಮನ್ನಣೆ ಪಡೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಷಿಕಾಗೋವಿನ ಸೇನಾ ಆಸ್ಪತ್ರೆಯಲ್ಲಿದ್ದ ಥಾಮಸ್ ಡಿಲಾರ್ಮ್ ಎಂಬ ವೈದ್ಯ, ಮಂಡಿಗೆ ಪೆಟ್ಟು ಬಿದ್ದ ಸೈನಿಕರಿಗೆ ಹಗುರ ವ್ಯಾಯಾಮವನ್ನು ನೂರಾರು ಸಲ ಮಾಡಿಸುವ ರೂಢಿಯನ್ನು ಬಿಟ್ಟು, ಹತ್ತು ಸಲ ಮಾತ್ರ ಎತ್ತಬಹುದಾದಷ್ಟು ಭಾರವನ್ನು ಕೊಟ್ಟು, ಬಲ ಹೆಚ್ಚಿದಂತೆ ಭಾರವನ್ನೂ ಹೆಚ್ಚಿಸುತ್ತ ಹೋದ; 1945ರಲ್ಲಿ ಅದರ ಫಲವನ್ನು ಪ್ರಕಟಿಸಿದ. ಇಂದಿಗೂ ವ್ಯಾಯಾಮಶಾಲೆಗಳಲ್ಲಿ ಹತ್ತತ್ತರಂತೆ ಮೂರು ಸಲ ಎಂದು ಹೇಳುವುದು ಅವನ ಕ್ರಮದಿಂದ ಬಂದದ್ದು.

ಇದೇ ತತ್ತ್ವಕ್ಕೆ ಗ್ರೀಕರಲ್ಲಿ ಒಂದು ಕಥೆಯುಂಟು. ಕ್ರೋಟನ್ ಎಂಬ ಊರಿನ ಮೈಲೋ ಎಂಬ ಜಟ್ಟಿ ಒಂದು ಕರುವನ್ನು ದಿನವೂ ಎತ್ತುತ್ತಿದ್ದನಂತೆ. ಕರು ಬೆಳೆದು ಹೋರಿಯಾಗುವಷ್ಟರಲ್ಲಿ ಇವನಿಗೆ ಹೋರಿಯನ್ನೇ ಎತ್ತುವ ಬಲ ಬಂದಿತ್ತಂತೆ. ಕಥೆ ಚೆನ್ನಾಗಿದೆ, ಲೆಕ್ಕ ತಪ್ಪು. ನಮ್ಮಲ್ಲೊಬ್ಬ 10 ಕಿಲೋ ಮರಳಿನ ಚೀಲದಿಂದ ತೊಡಗಿ ಹದಿನೈದು ದಿನಕ್ಕೆ ಅರ್ಧ ಕಿಲೋ ಹೆಚ್ಚಿಸುತ್ತ ಹೋಗಲಿ. ಒಂದು ವರ್ಷಕ್ಕೆ 13 ಕಿಲೋ ಹೆಚ್ಚುತ್ತದೆ; ಇದು ಅನೇಕರಿಗೆ ಸಾಧ್ಯ. ಇಪ್ಪತ್ತು ವರ್ಷ ಹೀಗೆಯೇ ನಡೆದರೆ ಚೀಲ 270 ಕಿಲೋ ಆಗಬೇಕು. ಜಾರ್ಜಿಯಾ ದೇಶದ ಲಾಶಾ ತಲಖಾಡ್ಜೆ ಎಂಬ ದೈತ್ಯ 2021ರ ವಿಶ್ವ ಸ್ಪರ್ಧೆಯಲ್ಲಿ ತಲೆಯ ಮೇಲೆತ್ತಿದ್ದು 267 ಕಿಲೋ. ಬೈರಕೂರಿನ ರೈತನ ಮಗ ಅವನನ್ನು ಮೀರಿಸುವುದು ಅನುಮಾನ! ಹೆಚ್ಚಳವು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬರುತ್ತದೆ, ಕಡೆಗೆ ನಿಲ್ಲುತ್ತದೆ. ಅದಕ್ಕೂ ಮುಂದೆ ಒಂದು ದಿನ ಇಳಿಯತೊಡಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಈ ವಿದ್ಯೆಯ ನಿಜವಾದ ಪರೀಕ್ಷೆ ಶುರುವಾಗುವುದು ಇಲ್ಲಿಂದ. ಅಂಕ ಏರುತ್ತಿರುವಾಗ ಯಾರು ಬೇಕಾದರೂ ಸಾಧಕರೇ. ಏರದ ವರ್ಷಗಳಲ್ಲಿ ಯಾತಕ್ಕಾಗಿ ಮಾಡಬೇಕು? ಪೈಲ್ವಾನನಿಗೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಕನ್ನಡಿಗಾಗಿ ಕಸರತ್ತು ಮಾಡುವ ಇಂದಿನ ಹುಡುಗನಿಗೂ ಇಲ್ಲ. ಶಾಸ್ತ್ರದಲ್ಲಿ ಉತ್ತರವುಂಟು. ಮೂವತ್ತು ದಾಟಿದ ಮೇಲೆ, ಸುಮ್ಮನೆ ಕುಳಿತವನ ಮಾಂಸಖಂಡಗಳು ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಕರಗುತ್ತವೆಂದೂ, ಅರವತ್ತರ ಮೇಲೆ ಇನ್ನೂ ಬೇಗ ಕರಗುತ್ತವೆಂದೂ ವೈದ್ಯಗ್ರಂಥಗಳು ಹೇಳುತ್ತವೆ. ಮೊದಲು ಹೋಗುವವು ವೇಗವಾಗಿ ಸಂಕೋಚಿಸುವ ಎಳೆಗಳು, ಎಂದರೆ ಎಡವಿದಾಗ ಥಟ್ಟನೆ ಕಾಲೂರಿ ನಮ್ಮನ್ನು ಬೀಳದಂತೆ ಹಿಡಿಯುವ ಎಳೆಗಳು. ಮುದುಕರು ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವುದಕ್ಕೆ ಜಾರಿದ ನೆಲ ಅರ್ಧ ಕಾರಣ. ಹಿಡಿಯದ ತೊಡೆ ಇನ್ನರ್ಧ. ಅಂಕ ಏರದ ವರ್ಷಗಳಲ್ಲಿ ಸಾಧಕನು ಈ ಇಳಿಜಾರಿನಲ್ಲಿ ಕಾಲೂರಿ ನಿಂತಿರುತ್ತಾನೆ. ನಿಲ್ಲುವುದಕ್ಕೆ ಬೇಕಾದ ಶ್ರಮವೂ ಏರುವುದಕ್ಕೆ ಬೇಕಾದಷ್ಟಿಲ್ಲ. ಅಮೆರಿಕದ ಅಲಬಾಮದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹದಿನಾರು ವಾರ ಸಾಧನೆ ಮಾಡಿದ ತರುಣರು ಆಮೇಲೆ ಅದರ ಒಂಬತ್ತರಲ್ಲೊಂದು ಪಾಲನ್ನು ಮಾಡಿಯೇ ಗಳಿಸಿದ್ದನ್ನು ತಿಂಗಳುಗಟ್ಟಲೆ ಉಳಿಸಿಕೊಂಡರು. ಅರವತ್ತು ಮೀರಿದವರಿಗೆ ಅಷ್ಟು ಸಾಲಲಿಲ್ಲ. ಅವರ ಬಲ ಉಳಿದರೂ ಮಾಂಸ ಕರಗಿತು. ವಯಸ್ಸಾದಂತೆ ವ್ಯಾಯಾಮವನ್ನು ಕಡಿಮೆ ಮಾಡಬೇಕೆಂಬ ನಮ್ಮ ವಾಡಿಕೆಗೆ ಇದು ವಿರುದ್ಧವಾಗಿದೆಯಷ್ಟೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಎಂದು ಗಾದೆ. ಅನೇಕ ವಿಷಯಗಳಲ್ಲಿ ಇದು ನಿಜವಾಗಿರಬಹುದು. ಮಾಂಸಖಂಡದ ವಿಷಯದಲ್ಲಿ ಅಲ್ಲ. ಬಾಸ್ಟನ್ ನಗರದ ಒಂದು ವೃದ್ಧಾಲಯದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಸರಾಸರಿ ತೊಂಬತ್ತು ವರ್ಷದ ಹತ್ತು ಮಂದಿಯನ್ನು ಆರಿಸಿ, ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಳು. ಅದೂ ಹೆಸರಿಗೆ ಎತ್ತಿಸಿದ್ದಲ್ಲ, ಅವರ ಶಕ್ತಿಗೆ ತಕ್ಕಂತೆ ನಿಜವಾಗಿ ಕಷ್ಟವಾಗುವಷ್ಟು. 1990ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು, ಎಂದರೆ ಮೊದಲಿದ್ದುದರ ಎರಡೂವರೆ ಪಾಲನ್ನು ಮೀರಿತು, ತೊಡೆಯ ಮಾಂಸ ನೂರಕ್ಕೆ 9ರಷ್ಟು ಬೆಳೆಯಿತು. ತೊಂಬತ್ತರಲ್ಲಿ ಬೆಳೆಯುವುದಾದರೆ ಅರವತ್ತಕ್ಕೆ ಅರಳು ಮರಳೆಂದು ಕೈಚೆಲ್ಲುವುದೇಕೆ?

ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯ ಮೇಲೆ ಪ್ರಯೋಗ ಮಾಡಿದೆ. ಉಪಕರಣ ಒಂದೇ, ಮನೆಯ ಮುಂದಿನ ಜಗುಲಿ. ಕೈ ಊರದೆ ಏಳಬೇಕು, ಧೊಪ್ಪನೆ ಬೀಳದೆ ನಿಧಾನವಾಗಿ ಕೂರಬೇಕು. "ಏನೋ ಇದು, ಮುದುಕಿಗೆ ಗರಡಿ ಕಲಿಸ್ತೀಯಾ? ನೋಡ್ದೋರು ನಗಲ್ವಾ?" ಎಂದರು. ನೋಡಿದವರು ನಕ್ಕರು. ಮೊದಲ ದಿನ ಕೈ ಊರದೆ ಎರಡು ಸಲ. ವಾರಕ್ಕೆ ಮೂರು ದಿನದಂತೆ ಮೂರು ತಿಂಗಳಾದ ಮೇಲೆ ಹನ್ನೆರಡು ಸಲ. ಮಂಡಿನೋವು ಮಾಯವಾಯಿತೆಂದು ಬರೆದರೆ ಸುಳ್ಳಾಗುತ್ತದೆ, ಅದು ಇದೆ. ಆದರೆ ಬಸ್ಸಿನ ಮೆಟ್ಟಿಲು ಹತ್ತಲು ಈಗ ನನ್ನ ಭುಜ ಹಿಡಿಯುವುದಿಲ್ಲ. ಚೀಲವನ್ನು ಮಾತ್ರ ನನ್ನ ಕೈಗೇ ಕೊಡುತ್ತಾರೆ.

ಸೋದರಿಯರಿಗೆ ಒಂದು ಮಾತು. ಭಾರ ಎತ್ತಿದರೆ ಹೆಣ್ಣಿನ ಮೈ ಗಂಡಿನಂತಾಗುತ್ತದೆಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಮಾತ್ರವಲ್ಲ, ಕಾಲೇಜಿನಲ್ಲಿಯೂ ಉಂಟು. ಬಿಂದಿಗೆ ಹೊತ್ತ ನಮ್ಮ ಅಜ್ಜಿಯರು ಗಂಡಸರಾಗಲಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಸೊರಗುತ್ತದೆ. ಎಲುಬಿಗೂ ಮಾಂಸದಂತೆಯೇ ಭಾರ ಬಿದ್ದಾಗ ಗಟ್ಟಿಯಾಗುವ ಗುಣವಿರುವುದರಿಂದ ಈ ವಿದ್ಯೆಯ ಅಗತ್ಯ ಅವರಿಗೇ ಹೆಚ್ಚು. ಟೋಕಿಯೋ ಒಲಿಂಪಿಕ್ಸಿನಲ್ಲಿ 2021ರಲ್ಲಿ 49 ಕಿಲೋ ವರ್ಗದ ಮೀರಾಬಾಯಿ ಚಾನು ಎರಡು ಎತ್ತುಗಳಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದದ್ದನ್ನು ಎಲ್ಲರೂ ಬಲ್ಲರು. ಕರ್ನಾಟಕದಲ್ಲಿ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಮೊದಲು ಕುಸ್ತಿಗೆಂದು ಹೊರಟು, ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದನ್ನು ಕಲಿತು, 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ತಂದರು. ಇದನ್ನು ಹೇಳಿದ್ದು ಎಲ್ಲರೂ ಪದಕ ಗೆಲ್ಲಬೇಕೆಂದಲ್ಲ; ಕಾಲೇಜಿನ ದಿನಗಳು ಈ ಕಲಿಕೆಗೆ ತಡವಲ್ಲವೆಂದು.

ಊಟದ ವಿಷಯ. ರಾಗಿ ತಿಂದವ ನಿರೋಗಿ ಎನ್ನುತ್ತೇವೆ. ಸುಣ್ಣದ ಅಂಶದಲ್ಲಿ ರಾಗಿಗೆ ಸಮನಾದ ಧಾನ್ಯವಿಲ್ಲ. 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ. ಆದರೆ ಮಾಂಸ ಕಟ್ಟುವ ಪ್ರೋಟೀನು ಅದರಲ್ಲಿ 7 ಗ್ರಾಮಿನಷ್ಟು ಮಾತ್ರ. 60 ಕಿಲೋ ತೂಗುವವನಿಗೆ ದಿನಕ್ಕೆ 50 ಗ್ರಾಂ ಪ್ರೋಟೀನಾದರೂ ಬೇಕು. ಸಾಧನೆ ಮಾಡುವವನಿಗೆ ಇನ್ನೂ ಸ್ವಲ್ಪ ಹೆಚ್ಚು. ಬರಿಯ ಮುದ್ದೆಯಿಂದ ಅದು ಪೂರೈಸದು. ಮುದ್ದೆಯ ಜೊತೆಗೆ ಹುರುಳಿ ಸಾರು, ಅವರೆಕಾಳು, ಕಡಲೆಕಾಯಿ, ಹಾಲು, ತಿನ್ನುವವರಿಗೆ ಮೊಟ್ಟೆ, ಇಷ್ಟಿದ್ದರೆ ಸಾಕು. ಹುರುಳಿಯಲ್ಲಿ ನೂರಕ್ಕೆ 22ರಷ್ಟು ಪ್ರೋಟೀನಿದೆ. ನಮ್ಮ ಕಡೆ ಅದನ್ನು ಎತ್ತಿಗೂ ಇಡುತ್ತಿದ್ದರು. ಎತ್ತಿನ ಭುಜವನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸಾವಿರಾರು ರೂಪಾಯಿ ತೆತ್ತು ಡಬ್ಬದ ಪುಡಿಯನ್ನು ತರುವ ಮೊದಲು ಮನೆಯ ಡಬ್ಬಗಳನ್ನು ನೋಡುವುದು ಒಳ್ಳೆಯದು.

ಸಾಧನೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕೂತು ಏಳುವುದು, ನೆಲದಿಂದ ಎತ್ತುವುದು, ದೂಡುವುದು, ಎಳೆಯುವುದು, ಹೊತ್ತು ನಡೆಯುವುದು, ಈ ಐದರಲ್ಲಿ ಮೈಯ ಬಹುಭಾಗ ಬರುತ್ತದೆ. ಬಸ್ಕಿ, ದಂಡೆ, ಮರಳಿನ ಚೀಲ, ಮರದ ಕೊಂಬೆ, ನೀರು ತುಂಬಿದ ಎರಡು ಬಕೆಟ್ಟು, ಇಷ್ಟರಿಂದಲೇ ಎಲ್ಲವನ್ನೂ ಮಾಡಬಹುದು. ಎಂಟು ಸಲ ಮಾತ್ರ ಸರಿಯಾಗಿ ಎತ್ತಬಹುದಾದ ಭಾರದಿಂದ ತೊಡಗಿ, ಹನ್ನೆರಡು ಸಲ ಸಲೀಸಾಗಿ ಬರುವವರೆಗೆ ಭಾರ ಮುಟ್ಟದೆ, ಬಂದ ಮೇಲೆ ಸ್ವಲ್ಪ ಹೆಚ್ಚಿಸಿ ಮತ್ತೆ ಎಂಟಕ್ಕೆ ಬರಬೇಕು. ಉಸಿರು ಕಟ್ಟಬಾರದು. ರಕ್ತದೊತ್ತಡವೋ ಹೃದಯದ ತೊಂದರೆಯೋ ಇದ್ದವರು ವೈದ್ಯರನ್ನು ಕೇಳಿ ತೊಡಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ನೋಟುಪುಸ್ತಕ ಬೇಕು: ತಾರೀಖು, ಭಾರ, ಎಷ್ಟು ಸಲ.

ಆತ್ಮೋನ್ನತಿಯ ಮಾತನ್ನು ಜನ ಈ ವಿಷಯದಲ್ಲಿ ಬಹಳ ಆಡುತ್ತಾರೆ. ಬಲ ಬಂದವನಿಗೆ ಒಳ್ಳೆಯತನವೂ ಬರುತ್ತದೆಂದು ನಾನು ನಂಬುವುದಿಲ್ಲ. ಗರಡಿಯಿಂದ ಪುಂಡರೂ ಬಂದಿದ್ದಾರೆ. ಆದರೆ ಆ ನೋಟುಪುಸ್ತಕದಲ್ಲಿ ಒಂದು ಗುಣವಿದೆ. ಪರೀಕ್ಷೆಯಲ್ಲಿ ಊಹೆಯಿಂದ ಬರೆದ ಉತ್ತರಕ್ಕೂ ಕೆಲವು ಸಲ ಅಂಕ ಬೀಳುತ್ತದೆ. ಭಾಷಣದಲ್ಲಿ ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ಹೇಳಬಹುದು. ಚೀಲದ ಮುಂದೆ ಇವೆರಡೂ ನಡೆಯುವುದಿಲ್ಲ. ಒಂಬತ್ತನೆಯ ಸಲ ಏಳದಿದ್ದರೆ ಎಂಟು ಎಂದೇ ಬರೆಯಬೇಕು. ನಿನ್ನೆ ಬಂದದ್ದು ಇಂದು ಬಾರದಿದ್ದರೆ ನಿದ್ದೆಗೆಟ್ಟದ್ದೋ ಊಟ ಬಿಟ್ಟದ್ದೋ ಎಂದು ಕಾರಣ ಹುಡುಕಬೇಕು, ಬೈಯಲು ಮೇಷ್ಟರಿಲ್ಲ. ವರ್ಷಗಟ್ಟಲೆ ತನ್ನ ಬಗ್ಗೆ ಹೀಗೆ ನಿಜವನ್ನೇ ಬರೆದಿಡುವ ಸಂದರ್ಭ ನಮ್ಮ ಓದಿನಲ್ಲಿ ಬೇರೆಲ್ಲಿ ಬರುತ್ತದೆಂದು ಅಧ್ಯಾಪಕರನ್ನೇ ಕೇಳಬೇಕಾಗಿದೆ.

ಸಮಯವಿಲ್ಲವೆಂಬುದು ಕಡೆಯ ಆಕ್ಷೇಪಣೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಂತೆ ವಯಸ್ಕರಿಗೆ ಬಲಸಾಧನೆ ವಾರಕ್ಕೆ ಕನಿಷ್ಠ ಎರಡು ದಿನ ಬೇಕು. ಅರವತ್ತೈದು ದಾಟಿದವರಿಗೆ ಸಮತೋಲನದ ಅಭ್ಯಾಸವೂ ಸೇರಿ ಮೂರು ದಿನ. ದಿನಕ್ಕೆ ನಲವತ್ತು ನಿಮಿಷವೆಂದು ಹಿಡಿದರೂ ವಾರಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ಬೈರಕೂರಿನಂಥ ಊರುಗಳಿಂದ ಕಾಲೇಜಿಗೆ ಬರುವ ನಮಗೆ ಬಸ್ಸಿಗೆ ಕಾಯುವ ಹೊತ್ತೇ ಅದಕ್ಕಿಂತ ಹೆಚ್ಚಾಗುತ್ತದೆ.